ಕಸ್ಟಮರ್ ಕಾಲ್‌ಗೆ ಬೇಕಾದ ಇಂಗ್ಲಿಷ್ ಎಲ್ಲಿಂದ ಕಲಿಯೋದು? ಕನ್ನಡ ಮೀಡಿಯಂನಿಂದ ಬಂದವರು ಹೇಳಿ

ಹಾಸನ_ಟು_ಪೀಣ್ಯ

ಎಲ್ಲರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. ಪೀಣ್ಯದಲ್ಲಿ ಒಂದು ಮಷಿನಿಂಗ್ ಕಂಪನಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಈಗ ಕಸ್ಟಮರ್ ಕ್ವಾಲಿಟಿಗೆ ಹಾಕಿದ್ದಾರೆ. ಜರ್ಮನಿಯವರ ಜೊತೆ ವಾರ ವಾರ ಟೀಮ್ಸ್ ಕಾಲ್, ಕಂಪ್ಲೇಂಟ್ ಬಂದರೆ 8ಡಿ ರಿಪೋರ್ಟ್ (ತಪ್ಪಿಗೆ ಕಾರಣ, ಪರಿಹಾರ ಎಂಟು ಹಂತದಲ್ಲಿ ಬರೆಯುವುದು), ದಿನಾ ಮೇಲ್.

ಕೆಲಸ ಗೊತ್ತಿದೆ. ಡ್ರಾಯಿಂಗ್ ಓದುತ್ತೇನೆ, ಸಿಎಂಎಂ (ಪಾರ್ಟ್ ಅಳೆಯುವ ಮಷಿನ್) ರಿಪೋರ್ಟ್ ನೋಡಿದರೆ ಅಳತೆ ಎಲ್ಲಿ ತಪ್ಪಿದೆ ಅಂತ ತಿಳಿಯುತ್ತದೆ. ಆದರೆ ಕಾಲ್‌ನಲ್ಲಿ ಅವರು ಏನಾದರೂ ಕೇಳಿದರೆ ಉತ್ತರ ಕನ್ನಡದಲ್ಲಿ ತಲೆಯಲ್ಲಿ ಇರುತ್ತದೆ, ಅದು ಇಂಗ್ಲಿಷ್ ಆಗಿ ಬಾಯಿಗೆ ಬರುವಷ್ಟರಲ್ಲಿ ನಮ್ಮ ಮ್ಯಾನೇಜರ್ ಮಾತಾಡಿ ಮುಗಿಸಿರುತ್ತಾರೆ, ಅವರಿಗೆ ಆ ಪಾರ್ಟ್ ಬಗ್ಗೆ ನನ್ನಷ್ಟು ಗೊತ್ತಿರುವುದಿಲ್ಲ. ಇದು ತುಂಬಾ ಕೊರೆಯುತ್ತಿದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರಲಾ? ಆಪ್ ಹಾಕಿಕೊಳ್ಳಲಾ? ಗ್ರಾಮರ್ ಪುಸ್ತಕದಿಂದ ಶುರು ಮಾಡಲಾ? ಈ ದಾರಿಯಲ್ಲಿ ಬಂದವರು ಹೇಳಿ.

ಕೋಡ್_ಬರೆಯೋನು

ಕ್ಲಾಸ್‌ಗೆ ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಇನ್‌ಬಾಕ್ಸ್ ತೆಗೆದು ಕಳೆದ ಮೂರು ತಿಂಗಳ ಕಸ್ಟಮರ್ ಮೇಲ್‌ಗಳನ್ನು ಓದಿ. ಅವರು ಕೇಳುವುದು ಸುಮಾರು ಅದೇ ಏಳೆಂಟು ಪ್ರಶ್ನೆ. ಏನಾಯಿತು, ಎಷ್ಟು ಪೀಸ್, ಸ್ಟಾಕ್‌ನಲ್ಲಿ ಎಷ್ಟಿದೆ, ಕಾರಣ ಏನು, ಯಾವಾಗ ಸರಿಯಾಗುತ್ತದೆ, ಮತ್ತೆ ಆಗಲ್ಲ ಅಂತ ಹೇಗೆ ಹೇಳುತ್ತೀರಿ. ಇವಕ್ಕೆ ನಿಮ್ಮದೇ ಪಾರ್ಟ್‌ಗಳ ಹೆಸರು ಹಾಕಿ ಚಿಕ್ಕ ಚಿಕ್ಕ ಉತ್ತರ ಬರೆದುಕೊಳ್ಳಿ, ಜೋರಾಗಿ ಓದಿ. ಸ್ಪೋಕನ್ ಇಂಗ್ಲಿಷ್ ಕ್ಲಾಸ್‌ನಲ್ಲಿ ಹೋಟೆಲ್‌ನಲ್ಲಿ ಆರ್ಡರ್ ಮಾಡುವುದು, ನಿಮ್ಮ ಹವ್ಯಾಸ ಏನು, ಇಂಥದ್ದು ಹೇಳಿಕೊಡುತ್ತಾರೆ. ಬರ್ (ಅಂಚಿನಲ್ಲಿ ಉಳಿಯುವ ಲೋಹದ ಚೂಪು) ಉಳಿದಿದೆ, ಬೋರ್ (ಕೊರೆದ ತೂತು) ಓವರ್‌ಸೈಜ್ ಆಗಿದೆ ಅನ್ನೋದನ್ನು ಅಲ್ಲಿ ಯಾರೂ ಹೇಳಿಕೊಡಲ್ಲ.

ಇನ್ನೊಂದು. ಜರ್ಮನಿಯವರಿಗೂ ಇಂಗ್ಲಿಷ್ ಮನೆಮಾತಲ್ಲ. ಅವರೂ ಶಾಲೆಯಲ್ಲಿ ಕಲಿತವರೇ. ನೀವು ನಿಧಾನವಾಗಿ, ಚಿಕ್ಕ ವಾಕ್ಯದಲ್ಲಿ ಮಾತಾಡಿದರೆ ಅವರಿಗೇ ಸಲೀಸು.

ಬೆಳಗಾವಿ_ಫೌಂಡ್ರಿ

ನಮ್ಮ ಕಡೆ ಕಾಸ್ಟಿಂಗ್ ಹೊರದೇಶಕ್ಕೆ ಹೋಗುತ್ತದೆ, ಹಂಗಾಗಿ ಈ ಕಥೆ ನಮಗೂ ಗೊತ್ತು ನೋಡ್ರಿ. ನಾನು ಬರೀ "ಓಕೆ" ಬಗ್ಗೆ ಹೇಳುತ್ತೇನೆ.

ನಾವು ಯಾರಾದರೂ ಮಾತಾಡುವಾಗ ಹೂಂ, ಹೂಂ ಅಂತೀವಿ. ಕೇಳಿಸುತ್ತಿದೆ, ಮುಂದೆ ಹೇಳಿ ಅಂತ ಅದರ ಅರ್ಥ. ಅದೇ ಅಭ್ಯಾಸ ಇಂಗ್ಲಿಷ್‌ನಲ್ಲಿ ಓಕೆ ಓಕೆ, ಯೆಸ್ ಯೆಸ್ ಆಗುತ್ತದೆ. ಆ ಕಡೆಯವರು ಒಪ್ಪಿದ್ದಾರೆ ಅಂದುಕೊಳ್ಳುತ್ತಾರೆ. ನನಗೆ ಗೊತ್ತಿರುವ ಒಂದು ಕಂಪನಿಯಲ್ಲಿ ಹೀಗೇ ಆಯಿತು. ಕಸ್ಟಮರ್ ತನ್ನ ಪ್ಲಾಂಟ್‌ನಲ್ಲಿ ಸಾರ್ಟಿಂಗ್ (ಕೆಟ್ಟ ಪೀಸ್ ಆರಿಸಿ ತೆಗೆಯುವುದು) ಮಾಡಿಸಿ ಖರ್ಚು ನಿಮಗೆ ಹಾಕುತ್ತೇವೆ ಅಂತ ಹೇಳುತ್ತಿದ್ದ, ಇವರು ಓಕೆ ಓಕೆ ಅನ್ನುತ್ತಾ ಕೇಳಿದರು. ಸಂಜೆ ಮೀಟಿಂಗ್ ಮಿನಿಟ್ಸ್ ಬಂತು, ಸಪ್ಲೈಯರ್ ಒಪ್ಪಿದ್ದಾರೆ ಅಂತ ಬರೆದಿತ್ತು. ಆ ಖರ್ಚನ್ನು ಇವರ ಲೆಕ್ಕಕ್ಕೆ ಹಾಕುವ ಡೆಬಿಟ್ ನೋಟ್ ತಪ್ಪಿಸೋಕೆ ಆಮೇಲೆ ಎಷ್ಟು ಮೇಲ್ ಬರೆದರೂ ಆಗಲಿಲ್ಲ.

ಓಕೆ ಬದಲು "ಐ ಅಂಡರ್‌ಸ್ಟ್ಯಾಂಡ್ ಯುವರ್ ಪಾಯಿಂಟ್. ಐ ವಿಲ್ ಚೆಕ್ ಅಂಡ್ ಕನ್ಫರ್ಮ್ ಬೈ ಮೇಲ್" ಅಂತ ರೂಢಿ ಮಾಡಿಕೊಳ್ಳಿ. ಇಷ್ಟು ಬಾಯಿಗೆ ಬಂದರೆ ಅರ್ಧ ಕಾಲ್ ಗೆದ್ದಂಗೆ.

ಹಾಸನ_ಟು_ಪೀಣ್ಯ

ಇದು ಸರಿಯಾಗಿ ತಾಗಿತು ಸರ್. ನಾನೂ ಕಾಲ್ ತುಂಬಾ ಓಕೆ ಓಕೆ ಅನ್ನುತ್ತಿರುತ್ತೇನೆ.

ಪ್ರಶ್ನೆಯೇ ಅರ್ಥ ಆಗದಿದ್ದರೆ ಏನು ಮಾಡುವುದು? ಒಂದು ಸಲ ಕೇಳಬಹುದು. ಎರಡನೇ ಸಲ ಕೇಳೋಕೆ ಮುಜುಗರ.

ಕಡಲ_ಹಾದಿ

ಮುಜುಗರ ಯಾಕೆ ಮಾರಾಯ್ರೆ? ನಾನು ಮಂಗಳೂರಿನವನು, ಹಡಗಿನಲ್ಲಿ ಕೆಲಸ. ನಮ್ಮ ಬ್ರಿಡ್ಜ್‌ನಲ್ಲಿ (ಹಡಗು ನಡೆಸುವ ಕೋಣೆ) ಫಿಲಿಪೀನ್ಸ್‌ನವರು, ಉಕ್ರೇನಿನವರು, ನಾವು, ಎಲ್ಲರೂ ಇರುತ್ತೇವೆ, ಒಬ್ಬರಿಗೂ ಇಂಗ್ಲಿಷ್ ತಾಯಿನುಡಿ ಅಲ್ಲ. ಅದಕ್ಕೇ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಹಡಗಿನವರು ಬಳಸುವ ವಾಕ್ಯಗಳದ್ದೇ ಒಂದು ಪಟ್ಟಿಗೆ ಒಪ್ಪಿಗೆ ಕೊಟ್ಟಿತು. ಎಸ್‌ಎಂಸಿಪಿ ಅಂತೇವೆ. ಅದರಲ್ಲಿ ಕೇಳಿಸದಿದ್ದರೆ ಹೇಳಬೇಕಾದ ಮಾತೂ ಇದೆ: "ಸೇ ಅಗೇನ್, ಪ್ಲೀಸ್." ಕ್ಯಾಪ್ಟನ್ ಆದರೂ ಅದನ್ನೇ ಹೇಳುತ್ತಾರೆ. ಚುಕ್ಕಾಣಿ ಹಿಡಿದವನಿಗೆ ಆರ್ಡರ್ ಕೊಟ್ಟರೆ ಅವನು ಅದನ್ನೇ ತಿರುಗಿ ಹೇಳಲೇಬೇಕು. ಹೇಳದಿದ್ದರೆ ತಪ್ಪು.

ರೇಡಿಯೋದಲ್ಲಿ ಗೊಂದಲ ಆಗಬಹುದು ಅನ್ನಿಸಿದರೆ ಮಾತು ಶುರು ಮಾಡುವ ಮೊದಲೇ ಇದು ಯಾವ ಥರದ ಮಾತು ಅಂತ ಹೇಳಿಬಿಡುತ್ತೇವೆ. "ಕ್ವೆಶ್ಚನ್" ಅಂತ ಹೇಳಿ ಪ್ರಶ್ನೆ ಕೇಳುವುದು. "ಇನ್ಫರ್ಮೇಶನ್" ಅಂತ ಹೇಳಿ ವಿಷಯ ಹೇಳುವುದು. "ರಿಕ್ವೆಸ್ಟ್", "ವಾರ್ನಿಂಗ್", "ಅಡ್ವೈಸ್", ಹೀಗೆ. ನಿಮ್ಮ ಕಾಲ್‌ನಲ್ಲೂ ಇದು ನಡೆಯುತ್ತದೆ. "ಐ ಹ್ಯಾವ್ ಒನ್ ಕ್ವೆಶ್ಚನ್" ಅಂದರೆ ಸಾಕು, ಎಲ್ಲರೂ ನಿಂತು ಕೇಳುತ್ತಾರೆ. ನಿಮ್ಮ ಮ್ಯಾನೇಜರ್ ಕೂಡ.

ತಿರುಗಿ ಹೇಳುವುದನ್ನು ಮಾತ್ರ ಬಿಡಬೇಡಿ. "ಲೆಟ್ ಮಿ ರಿಪೀಟ್. ಯು ನೀಡ್ 200 ಪಾರ್ಟ್ಸ್ ಬೈ ಫ್ರೈಡೇ. ಕರೆಕ್ಟ್?" ಅರ್ಥ ಆಗದ್ದು ಏನಾದರೂ ಇದ್ದರೆ ಅಲ್ಲೇ ಗೊತ್ತಾಗಿ ಹೋಗುತ್ತದೆ.

ಉಡುಪಿ_ಸಿಸ್ಟರ್

ಕಡಲ ಹಾದಿಯವರು ಹೇಳಿದ್ದು ಆಸ್ಪತ್ರೆಗೂ ಹೌದು. ನಾನು ಇಂಗ್ಲೆಂಡಿನಲ್ಲಿ ನರ್ಸ್. ನಾನೂ ಕನ್ನಡ ಮೀಡಿಯಂ. ಇಲ್ಲಿಗೆ ಬರುವ ನರ್ಸ್‌ಗಳು ಸಾಮಾನ್ಯವಾಗಿ ಐಇಎಲ್‌ಟಿಎಸ್ ಅಥವಾ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಒಇಟಿ ನಮ್ಮ ಕೆಲಸದ್ದೇ ಪರೀಕ್ಷೆ. ಸ್ಪೀಕಿಂಗ್‌ನಲ್ಲಿ ಎರಡು ರೋಲ್‌ಪ್ಲೇ ಇರುತ್ತದೆ. ಎದುರಿಗಿರುವವರು ರೋಗಿ ಅಥವಾ ರೋಗಿಯ ಕಡೆಯವರು, ನಾವು ನರ್ಸ್. ರೈಟಿಂಗ್‌ನಲ್ಲಿ ಕೇಸ್ ನೋಟ್ಸ್ ಕೊಡುತ್ತಾರೆ, ಅದನ್ನು ಓದಿ ಮುಂದೆ ನೋಡಿಕೊಳ್ಳುವವರಿಗೆ ಪತ್ರ ಬರೆಯಬೇಕು. ನೋಟ್ಸ್‌ನಲ್ಲಿ ಇರುವುದನ್ನೆಲ್ಲ ತುಂಬಿದರೆ ಮಾರ್ಕ್ಸ್ ಹೋಗುತ್ತದೆ. ಓದುವವರಿಗೆ ಏನು ಬೇಕೋ ಅಷ್ಟೇ ಆರಿಸಿ ಬರೆಯಬೇಕು. ನಾನು ಊರಲ್ಲಿ ಕಲಿತ ಇಂಗ್ಲಿಷ್‌ನಲ್ಲಿ ಉದ್ದ ಬರೆದಷ್ಟೂ ಮಾರ್ಕ್ಸ್ ಜಾಸ್ತಿ ಇತ್ತು, ಅಲ್ವಾ? ಅದನ್ನು ಮರೆಯುವುದೇ ದೊಡ್ಡ ಕೆಲಸ ಆಯಿತು.

ವಾರ್ಡ್‌ನಲ್ಲಿ ಡಾಕ್ಟರಿಗೆ ಫೋನ್ ಮಾಡುವಾಗ ಎಸ್‌ಬಿಎಆರ್ ಅಂತ ಒಂದು ಕ್ರಮ ಇದೆ. ಮೊದಲು ಈಗ ಏನಾಗುತ್ತಿದೆ. ಆಮೇಲೆ ರೋಗಿಯ ಹಿನ್ನೆಲೆ. ಆಮೇಲೆ ನನಗೆ ಏನನ್ನಿಸುತ್ತದೆ. ಕೊನೆಗೆ ನಿಮ್ಮಿಂದ ಏನು ಬೇಕು. ಇದು ಅಮೆರಿಕದ ನೌಕಾಪಡೆಯ ಸಬ್‌ಮೆರೀನ್‌ಗಳಿಂದ ಆಸ್ಪತ್ರೆಗೆ ಬಂದದ್ದು ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟರು. ರಾತ್ರಿ ಎರಡು ಗಂಟೆಗೆ, ಬಿಪಿ ಇಳಿಯುತ್ತಿರುವಾಗ ಯಾರಿಗೂ ಚಂದದ ಇಂಗ್ಲಿಷ್ ಹೊಳೆಯುವುದಿಲ್ಲ, ಇಲ್ಲೇ ಹುಟ್ಟಿದವರಿಗೂ ಹೊಳೆಯುವುದಿಲ್ಲ. ಕ್ರಮ ಇದ್ದರೆ ಅದರ ಮೇಲೆ ಮಾತು ಕೂರುತ್ತದೆ. "ಬೆಡ್ 6. ಬಿಪಿ ಈಸ್ 85 ಓವರ್ 50. ಇಟ್ ವಾಸ್ 120 ಓವರ್ 80 ಅಟ್ ಟೆನ್. ಐ ಆಮ್ ವರೀಡ್ ಅಬೌಟ್ ಬ್ಲೀಡಿಂಗ್. ಪ್ಲೀಸ್ ಕಮ್ ನೌ." ಇದರಲ್ಲಿ ಕಷ್ಟದ ಪದ ಎಲ್ಲಿದೆ ಹೇಳಿ. ಕೊನೆಯ ವಾಕ್ಯ ಹೇಳೋಕೆ ಮಾತ್ರ ಧೈರ್ಯ ಬೇಕು. ನಾವು ಊರಲ್ಲಿ ಡಾಕ್ಟರಿಗೆ ಬನ್ನಿ ಅಂತ ನೇರವಾಗಿ ಹೇಳಿ ರೂಢಿ ಇಲ್ಲದವರು. ಭಾಷೆಗಿಂತ ಅದನ್ನು ಕಲಿಯೋಕೆ ನನಗೆ ಹೆಚ್ಚು ಸಮಯ ಹಿಡಿಯಿತು.

ನಿಜವಾಗಿ ಕಷ್ಟ ಆದದ್ದು ರೋಗಿಗಳ ಮಾತು. ವಯಸ್ಸಾದವರು "ಸ್ಪೆಂಡ್ ಎ ಪೆನ್ನಿ" ಅಂದರೆ ಟಾಯ್ಲೆಟ್‌ಗೆ ಹೋಗಬೇಕು ಅಂತ. ಮೂತ್ರದ ತೊಂದರೆಗೆ "ವಾಟರ್‌ವರ್ಕ್ಸ್" ಅನ್ನುತ್ತಾರೆ. ಇದು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳ ಹತ್ತಿರ ಕೇಳಿ ಕೇಳಿ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ, ಅವರು ಖುಷಿಯಿಂದ ಹೇಳಿಕೊಡುತ್ತಾರೆ.

ನಮ್ಮ_ಬಾಗಿಲು

ನನ್ನದು ಬೇರೆ ಮಾತು. ಕರ್ನಾಟಕದಲ್ಲಿ ಕೆಲಸ, ಮಷಿನ್ ಮೇಲೆ ಇರುವವರು ಕನ್ನಡದವರು, ಆದರೂ ವರ್ಕ್ ಇನ್‌ಸ್ಟ್ರಕ್ಷನ್ ಇಂಗ್ಲಿಷ್‌ನಲ್ಲಿ, ಸೇಫ್ಟಿ ಬೋರ್ಡ್ ಇಂಗ್ಲಿಷ್ ಹಿಂದಿಯಲ್ಲಿ, ಟ್ರೈನಿಂಗ್ ಇಂಗ್ಲಿಷ್‌ನಲ್ಲಿ. ಆಮೇಲೆ ಆಪರೇಟರ್ ತಪ್ಪು ಮಾಡಿದ ಅಂತ ರಿಪೋರ್ಟ್. ಎಲ್ಲರೂ ಇಂಗ್ಲಿಷ್ ಕಲಿಯಿರಿ ಅಂತ ಹೇಳುವ ಮೊದಲು ಈ ಕಡೆ ನೋಡಬೇಕು. ಇಂಗ್ಲಿಷ್ ಬೇಕಿರುವುದು ಕಸ್ಟಮರ್ ಕಡೆಯ ಬಾಗಿಲಲ್ಲಿ. ಒಳಗೆ ಯಾಕೆ?

ಹಾಸನ_ಟು_ಪೀಣ್ಯ

ಪೂರ್ತಿ ಒಪ್ಪುತ್ತೇನೆ ಸರ್. ನಮ್ಮಲ್ಲಿ ಕಾರಣ ಹುಡುಕುವಾಗ, ಐದು ಸಲ ಯಾಕೆ ಅಂತ ಕೇಳುವಾಗ, ಆಪರೇಟರ್ ಜೊತೆ ಕನ್ನಡದಲ್ಲೇ ಕೂತು ಮಾಡುತ್ತೇವೆ. ಹೋದ ತಿಂಗಳು ಒಂದು ಬೋರ್ ದೊಡ್ಡದಾಗಿ ಬಂತು. ಇಂಗ್ಲಿಷ್ ಫಾರ್ಮ್ಯಾಟ್ ಇಟ್ಟುಕೊಂಡು ಕೂತಿದ್ದರೆ "ಆಪರೇಟರ್ ನೆಗ್ಲಿಜೆನ್ಸ್" ಅಂತ ಬರೆದು ಮುಗಿಸುತ್ತಿದ್ದರು. ಅಣ್ಣ, ಏನಾಯ್ತು ಹೇಳಿ ಅಂತ ಕೇಳಿದರೆ ಅವರು ಹೇಳಿದ್ದು, ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಬದಲಾಯಿಸಿದ ಮೇಲೆ ಆಫ್‌ಸೆಟ್ (ಮಷಿನ್‌ಗೆ ಕೊಡುವ ಅಳತೆ ತಿದ್ದುಪಡಿ) ಹಾಕುವ ಹೊತ್ತಿಗೆ ಶಿಫ್ಟ್ ಮುಗಿಯಿತು, ಮುಂದಿನವರಿಗೆ ಹೇಳೋಕೆ ಯಾವ ಶೀಟೂ ಇಲ್ಲ ಅಂತ. ನಿಜವಾದ ಕಾರಣ ಅದು. ಕನ್ನಡದಲ್ಲಿ ಸಿಕ್ಕಿತು. ಅದನ್ನು ಇಂಗ್ಲಿಷ್‌ನಲ್ಲಿ ಬರೆಯುವುದು ಆಮೇಲಿನ ಕೆಲಸ.

ಏರೋ_ಡಾಕ್ಸ್

ಈ ಮಾತನ್ನು ಎಲ್ಲರೂ ಓದಬೇಕು. ನಾನು ಬೆಂಗಳೂರಿನಲ್ಲಿ ವಿಮಾನದ ಮೆಂಟೆನೆನ್ಸ್ ಮ್ಯಾನ್ಯುಯಲ್ ಬರೆಯುವ ಕೆಲಸದಲ್ಲಿದ್ದೇನೆ. ಹೊಸಬರ ಇಂಗ್ಲಿಷ್ ಕೆಟ್ಟದಾಗಿದೆ ಅಂತ ಹೇಳಿ ನನ್ನ ಹತ್ತಿರ ಕಳಿಸುತ್ತಾರೆ. ನೋಡಿದರೆ ಬಹಳ ಸಲ ಇಂಗ್ಲಿಷ್ ಸಮಸ್ಯೆ ಅಲ್ಲ. ಏನು ಹೇಳಬೇಕು ಅನ್ನುವುದೇ ಗಟ್ಟಿಯಾಗಿರುವುದಿಲ್ಲ. ಕನ್ನಡದಲ್ಲಿ ಹೇಳಿ ಅಂದರೂ ತಡವರಿಸುತ್ತಾರೆ.

ನಮ್ಮ ಮ್ಯಾನ್ಯುಯಲ್‌ಗಳಿಗೆ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅಂತ ಒಂದು ನಿಯಮಾವಳಿ ಇದೆ, ಎಎಸ್‌ಡಿ-ಎಸ್‌ಟಿಇ100. 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮದವರು ಶುರು ಮಾಡಿದ್ದು. ಕೆಲಸದ ಹಂತ ಹೇಳುವ ವಾಕ್ಯ 20 ಪದ ಮೀರಬಾರದು. ವಿವರಣೆಯ ವಾಕ್ಯ 25 ಮೀರಬಾರದು. ಒಂದು ವಾಕ್ಯಕ್ಕೆ ಒಂದೇ ಸೂಚನೆ. ಸಾಮಾನ್ಯ ಪದಗಳು ಸುಮಾರು 900, ಅದರ ಮೇಲೆ ಆಯಾ ಕೆಲಸದ ತಾಂತ್ರಿಕ ಹೆಸರುಗಳು. ವಿಮಾನ ರಿಪೇರಿಗೆ ಇಷ್ಟು ಇಂಗ್ಲಿಷ್ ಸಾಕು ಅಂದರೆ 8ಡಿ ರಿಪೋರ್ಟ್‌ಗೆ ಯಾಕೆ ಸಾಕಾಗಲ್ಲ?

ಒಂದು ಮೇಲ್ ತೋರಿಸುತ್ತೇನೆ. ಇಂಥದ್ದು ದಿನಾ ನೋಡುತ್ತೇವೆ: "ಡಿಯರ್ ಸರ್, ವಿತ್ ರೆಫರೆನ್ಸ್ ಟು ದ ಅಬೋವ್ ಸಬ್ಜೆಕ್ಟ್, ವಿ ಆರ್ ಚೆಕಿಂಗ್ ದ ಸೇಮ್ ಅಂಡ್ ವಿಲ್ ರಿವರ್ಟ್ ಬ್ಯಾಕ್ ಅಟ್ ದ ಅರ್ಲಿಯೆಸ್ಟ್, ಕೈಂಡ್ಲಿ ಡು ದ ನೀಡ್‌ಫುಲ್." ಓದಿದವರಿಗೆ ಏನು ಸಿಕ್ಕಿತು? ಏನು ಚೆಕ್ ಮಾಡುತ್ತಿದ್ದಾರೆ, ಯಾವಾಗ ಹೇಳುತ್ತಾರೆ, ತಾನೇನು ಮಾಡಬೇಕು, ಒಂದೂ ಇಲ್ಲ. ಜೊತೆಗೆ ರಿವರ್ಟ್ ಅಂದರೆ ಹೊರಗಿನವರಿಗೆ ಹಿಂದಿನ ಸ್ಥಿತಿಗೆ ಹೋಗುವುದು. ಡ್ರಾಯಿಂಗ್ ರಿವಿಜನ್ ಬಗ್ಗೆ ಮಾತಾಡುವಾಗ ರಿವರ್ಟ್ ಅಂದರೆ ಹಳೇ ರಿವಿಜನ್‌ಗೆ ಹೋಗುತ್ತಿದ್ದಾರೆ ಅಂತ ತಿಳಿದುಕೊಳ್ಳಬಹುದು.

ಹೀಗೆ ಬರೆಯಿರಿ: "ವಿ ಹ್ಯಾವ್ ಸ್ಟಾಪ್ಡ್ ಡಿಸ್ಪ್ಯಾಚ್. ವಿ ಆರ್ ಚೆಕಿಂಗ್ ಆಲ್ 400 ಪಾರ್ಟ್ಸ್ ಇನ್ ಸ್ಟಾಕ್. ವಿ ವಿಲ್ ಸೆಂಡ್ ದ ರಿಸಲ್ಟ್ ಆನ್ ವೆಡ್ನೆಸ್‌ಡೇ, 3 ಪಿಎಂ ಯುವರ್ ಟೈಮ್. ಪ್ಲೀಸ್ ಸೆಂಡ್ ಅಸ್ ಎ ಫೋಟೋ ಆಫ್ ದ ಲೇಬಲ್." ಏನು ಮಾಡಿ ಆಗಿದೆ, ಏನು ನಡೆಯುತ್ತಿದೆ, ಏನು ಆಗಲಿದೆ, ನಿಮ್ಮಿಂದ ಏನು ಬೇಕು. ಗ್ರಾಮರ್ ಅಂತ ಮೊದಲು ಕಲಿಯಬೇಕಿರುವುದು ಈ ಮೂರು ಕಾಲಗಳ ರೂಪ.

ಬೆಳಗಾವಿ_ಫೌಂಡ್ರಿ

ಟೈಮ್ ವಿಷಯ ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಜರ್ಮನಿ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಕೊನೆಗೆ, ಅಕ್ಟೋಬರ್ ಕೊನೆಗೆ ಬದಲಾಗುತ್ತದೆ. ಆ ವಾರ ಯಾರೋ ಒಬ್ಬರು ಕಾಲ್ ತಪ್ಪಿಸಿಕೊಳ್ಳುವುದು ಗ್ಯಾರಂಟಿ.

ಮತ್ತೆ ಅಂಕಿ. ಜರ್ಮನಿಯವರು ದಶಮಾಂಶಕ್ಕೆ ಕಾಮಾ ಹಾಕುತ್ತಾರೆ, 0,05 ಅಂತ. 1.000 ಅಂದರೆ ಅವರಿಗೆ ಒಂದು ಸಾವಿರ. ತಾರೀಖು 04/05 ಅಂತ ಬರೆಯಬೇಡಿ, ತಿಂಗಳ ಹೆಸರು ಬರೆಯಿರಿ. ಲಕ್ಷ ಅನ್ನೋದು ಅಲ್ಲಿ ನಡೆಯಲ್ಲ, ಹಂಡ್ರೆಡ್ ಥೌಸಂಡ್ ಅನ್ನಬೇಕು. ಫಿಫ್ಟೀನ್, ಫಿಫ್ಟಿ ಕಾಲ್‌ನಲ್ಲಿ ಒಂದೇ ಥರ ಕೇಳಿಸುತ್ತದೆ, "ಒನ್ ಫೈವ್", "ಫೈವ್ ಝೀರೋ" ಅಂತ ಬಿಡಿಸಿ ಹೇಳಿ. ಸಂಖ್ಯೆ ಯಾವುದೇ ಇರಲಿ ಚಾಟ್‌ನಲ್ಲಿ ಟೈಪ್ ಮಾಡಿಬಿಡಿ. ನಮ್ಮ ಕೆಲಸದಲ್ಲಿ ಜಗಳ ಆಗೋದು ಅಂಕಿಯ ಮೇಲೇ ನೋಡ್ರಿ.

ಸೀಮೆಸುಣ್ಣ

ನಾನು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಈ ಪ್ರಶ್ನೆ ಓದಿ ಸಂಕಟ ಆಯಿತು, ಯಾಕೆಂದರೆ ಇದರಲ್ಲಿ ನಮ್ಮ ಪಾಲೂ ಇದೆ. ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಆದರೂ ಪಾಠ ನಡೆಯುವುದು ಹೇಗೆ? ಪದ್ಯ ಬಾಯಿಪಾಠ, ಪ್ರಶ್ನೋತ್ತರ ಬೋರ್ಡ್ ಮೇಲೆ, ಮಕ್ಕಳು ನಕಲು. ಎದುರಿಗೆ ಇರುವವರ ಜೊತೆ ಒಂದು ನಿಮಿಷ ಇಂಗ್ಲಿಷ್‌ನಲ್ಲಿ ಮಾತಾಡದೇ ಹತ್ತನೇ ತರಗತಿ ಮುಗಿಯುತ್ತದೆ. ಹಾಗಾಗಿ ನಿಮಗೆ ಪದ ಗೊತ್ತು, ಓದೋಕೂ ಬರುತ್ತದೆ, ಕಿವಿಗೆ ಮಾತ್ರ ಅಭ್ಯಾಸ ಇಲ್ಲ. ಕಿವಿ ಪಳಗಿದರೆ ಬಾಯಿ ತಾನಾಗಿ ಬರುತ್ತದೆ.

ಪ್ರತಿದಿನ ಸ್ವಲ್ಪ ಹೊತ್ತು ಕೇಳಿ, ಮುಂದೆ ಬರಹ ಇಟ್ಟುಕೊಂಡು. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನಲ್ಲಿ ಆರು ನಿಮಿಷದ ಕಾರ್ಯಕ್ರಮಗಳಿವೆ, ಬರಹದ ಜೊತೆಗೆ, ಪೂರ್ತಿ ಉಚಿತ. ಮೊದಲು ಬರೀ ಕೇಳಿ, ಆಮೇಲೆ ನೋಡುತ್ತಾ ಕೇಳಿ, ಆಮೇಲೆ ಅವರ ಜೊತೆಜೊತೆಗೇ ಜೋರಾಗಿ ಹೇಳಿ.

ಉಚ್ಚಾರಣೆಗೆ ಹೆದರಬೇಡಿ. ವಿದೇಶಿ ದನಿ ತರಿಸೋಕೆ ಹೋಗಬೇಡಿ, ಯಾರಿಗೂ ಅದು ಬೇಕಿಲ್ಲ. ಒತ್ತು ಎಲ್ಲಿ ಬೀಳುತ್ತದೆ ಅನ್ನೋದನ್ನು ಮಾತ್ರ ನೋಡಿಕೊಳ್ಳಿ. ಕಾಂಪೊನೆಂಟ್‌ನಲ್ಲಿ "ಪೊ" ಮೇಲೆ ಒತ್ತು, ಡೆವಲಪ್‌ನಲ್ಲಿ ಎರಡನೇ ಅಕ್ಷರದ ಮೇಲೆ. ನಾವು ಮೊದಲನೇ ಅಕ್ಷರ ಒತ್ತುತ್ತೇವೆ, ಅದಕ್ಕೇ ಕೆಲವು ಸಲ ಅವರಿಗೆ ತಿಳಿಯುವುದಿಲ್ಲ. ಎಂಜಿನ್‌ಗೆ ಮುಂದೆ "ಯ" ಸೇರಿಸಿ ಯೆಂಜಿನ್ ಅನ್ನೋದೂ ನಮ್ಮ ರೂಢಿ. ನಿಮ್ಮ ಕೆಲಸದ ಪದಗಳನ್ನು ಕೇಂಬ್ರಿಜ್ ಡಿಕ್ಷನರಿ ಸೈಟ್‌ನಲ್ಲಿ ಹಾಕಿ ಕೇಳಿ. ಐವತ್ತು ಪದ ಸರಿಯಾದರೆ ನಿಮ್ಮ ಕಾಲ್ ಪೂರ್ತಿ ಬದಲಾಗುತ್ತದೆ.

ಇನ್ನು ಹೌದು-ಇಲ್ಲ. "ಯು ಹ್ಯಾವ್ ನಾಟ್ ಚೇಂಜ್ಡ್ ದ ಟೂಲ್?" ಅಂತ ಕೇಳಿದರೆ ನಾವು "ಯೆಸ್" ಅನ್ನುತ್ತೇವೆ, ಹೌದು, ಬದಲಾಯಿಸಿಲ್ಲ ಅನ್ನುವ ಅರ್ಥದಲ್ಲಿ. ಅವರಿಗೆ ಬದಲಾಯಿಸಿದ್ದೇವೆ ಅಂತ ಕೇಳಿಸಬಹುದು. ಯೆಸ್ ನೋ ಎರಡನ್ನೂ ಬಿಟ್ಟು ಪೂರ್ತಿ ವಾಕ್ಯ ಹೇಳಿ: "ವಿ ಹ್ಯಾವ್ ನಾಟ್ ಚೇಂಜ್ಡ್ ಇಟ್."

ಕೋಡ್_ಬರೆಯೋನು

ಎಐ ಚಾಟ್ ಬಗ್ಗೆ ಯಾರೂ ಹೇಳಲಿಲ್ಲ. ಅಭ್ಯಾಸಕ್ಕೆ ಒಳ್ಳೆಯದು. ನೀನು ಕಸ್ಟಮರ್, ನನಗೆ ಕಂಪ್ಲೇಂಟ್ ಬಗ್ಗೆ ಪ್ರಶ್ನೆ ಕೇಳು ಅಂದರೆ ಕೇಳುತ್ತದೆ, ಎಷ್ಟು ಸಲ ತಡವರಿಸಿದರೂ ಬೇಜಾರಿಲ್ಲ. ಆದರೆ ಕಸ್ಟಮರ್ ಹೆಸರು, ಡ್ರಾಯಿಂಗ್, ಪಾರ್ಟ್ ನಂಬರ್ ಅದರಲ್ಲಿ ಹಾಕಬೇಡಿ, ಕಂಪನಿಗಳ ಗೋಪ್ಯತೆ ಕರಾರು ಇರುತ್ತದೆ. ಮತ್ತೆ ಪೂರ್ತಿ ಮೇಲ್ ಅದರಿಂದ ಬರೆಸಿ ಹಾಗೇ ಕಳಿಸಬೇಡಿ. ಮೇಲ್‌ನಲ್ಲಿ ಒಂದು ಥರ, ಕಾಲ್‌ನಲ್ಲಿ ಇನ್ನೊಂದು ಥರ ಆದರೆ ನಂಬಿಕೆ ಹೋಗುತ್ತದೆ. ನೀವು ಬರೆದು, ತಿದ್ದಿಸಿ, ಯಾಕೆ ತಿದ್ದಿತು ಅಂತ ನೋಡಿ.

ಹಾಸನ_ಟು_ಪೀಣ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಕಾಲ್ ಆಯಿತು, ಹೇಳಬೇಕು ಅನ್ನಿಸಿತು. ಬೆಳಿಗ್ಗೆಯೇ ಮೂರು ಪಾಯಿಂಟ್ ಮೇಲ್ ಮಾಡಿದೆ. ಕಾಲ್‌ನಲ್ಲಿ ಫೋಟೋ ಮತ್ತು ಸಿಎಂಎಂ ರಿಪೋರ್ಟ್ ಸ್ಕ್ರೀನ್ ಮೇಲೆ ಹಾಕಿದೆ. ಕರ್ಸರ್ ಇಟ್ಟು "ದಿಸ್ ಬೋರ್", "ದಿಸ್ ವ್ಯಾಲ್ಯೂ" ಅಂತ ತೋರಿಸುತ್ತಾ ಹೋದರೆ ಅರ್ಧ ವಾಕ್ಯವೇ ಬೇಕಿಲ್ಲ. ಒಂದು ಪ್ರಶ್ನೆ ಅರ್ಥ ಆಗಲಿಲ್ಲ, "ಸೇ ಅಗೇನ್, ಪ್ಲೀಸ್" ಅಂದೆ. ಅವರು ಹೇಳಿದ್ದನ್ನೇ ಬೇರೆ ಥರ ಹೇಳಿದರು, ತಿಳಿಯಿತು. ಮ್ಯಾನೇಜರ್ ಮಧ್ಯೆ ಬರಲಿಲ್ಲ. ಸಂಜೆ ಏನು ಮಾತಾಯಿತು ಅಂತ ನಾನೇ ನಾಲ್ಕು ಸಾಲು ಬರೆದು ಕಳಿಸಿದೆ, ಬೆಳಗಾವಿ ಸರ್ ಹೇಳಿದ ಡೆಬಿಟ್ ನೋಟ್ ನೆನಪಾಗಿ.

ಒಂದು ಉಳಿದಿದೆ. ಕಾಲ್ ಶುರುವಿನಲ್ಲಿ ಎಲ್ಲರೂ ಸೇರುವವರೆಗೆ ಐದು ನಿಮಿಷ ಸುಮ್ನೆ ಮಾತು ನಡೆಯುತ್ತದಲ್ಲ, ಹವಾಮಾನ, ರಜೆ, ಫುಟ್‌ಬಾಲ್. ಅಲ್ಲಿ ನಾನು ಮ್ಯೂಟ್‌ನಲ್ಲೇ ಇರುತ್ತೇನೆ.

ಉಡುಪಿ_ಸಿಸ್ಟರ್

ತುಂಬಾ ಖುಷಿ ಆಯಿತು ಓದಿ! ಆ ಐದು ನಿಮಿಷಕ್ಕೆ ಫುಟ್‌ಬಾಲ್ ಕಲಿಯಬೇಕಿಲ್ಲ. ನೀವೇ ಒಂದು ಪ್ರಶ್ನೆ ಕೇಳಿ, "ಹೌ ವಾಸ್ ಯುವರ್ ವೀಕೆಂಡ್?" ಅಂತ. ಅವರು ಮಾತಾಡುತ್ತಾರೆ, ನೀವು ಕೇಳಿ. ನಿಮ್ಮನ್ನು ಕೇಳಿದರೆ ಊರಿನದ್ದು ಹೇಳಿ. ಹಾಸನ ಅಂದರೆ ಹಳೇಬೀಡು, ಬೇಲೂರು, ಸಕಲೇಶಪುರದ ಕಾಫಿ. ಒಂದು ಫೋಟೋ ಚಾಟ್‌ನಲ್ಲಿ ಹಾಕಿ. ನಾನು ವಾರ್ಡ್‌ನಲ್ಲಿ ಮಲ್ಪೆ ಬೀಚ್ ಫೋಟೋ ತೋರಿಸಿದ ದಿನದಿಂದ ಒಬ್ಬರು ಅಜ್ಜಿ ನನ್ನ ಹತ್ತಿರವೇ ಮಾತ್ರೆ ತೆಗೆದುಕೊಳ್ಳುತ್ತಿದ್ದರು.

ಏರೋ_ಡಾಕ್ಸ್

ಆ ನಾಲ್ಕು ಸಾಲಿನ ಮೇಲ್ ಇದೆಯಲ್ಲ, ಕಂಪನಿ ಹೆಸರು, ಪಾರ್ಟ್ ನಂಬರ್ ತೆಗೆದು ಇಲ್ಲಿ ಹಾಕಿ. ತಿದ್ದಿ ಕೊಡುತ್ತೇನೆ. ಬೇರೆಯವರೂ ತಮ್ಮದನ್ನು ಹಾಕಿದರೆ ಭಾನುವಾರ ಕೂತು ಎಲ್ಲವನ್ನೂ ನೋಡೋಣ.